ಒಬ್ಬರಿಗಾಗಿಯೇ ನುಡಿಯುವ ರೇಡಿಯೊ: ಕೊಡುವುದೆಷ್ಟು, ತಡೆಯುವುದೆಷ್ಟು?

ಒಂದು ಹಾಡಿನ ಹೆಸರನ್ನೋ ಒಬ್ಬ ಗಾಯಕರ ಹೆಸರನ್ನೋ ಬರೆದು ಗುಂಡಿ ಒತ್ತಿದರೆ ಸಾಕು, ಅದಕ್ಕೆ ಹೊಂದುವ ಹಾಡುಗಳನ್ನು ತಾನೇ ಆರಿಸಿ ಒಂದರ ಹಿಂದೊಂದು ಕೇಳಿಸುತ್ತ ಹೋಗುವ ಅಂತರಜಾಲ ರೇಡಿಯೊ ಈಗ ಹೊಸ ಸಂಗತಿಯೇನಲ್ಲ. ಪ್ಯಾಂಡೋರ ಎಂಬ ಅಮೆರಿಕದ ಸೇವೆ 2005ರಲ್ಲಿ ಇದನ್ನು ಸಾಮಾನ್ಯ ಕೇಳುಗರ ಕೈಗೆ ತಂದಿತು. ಇಂದು ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ಗಳಂತಹ ದೊಡ್ಡ ಸೇವೆಗಳಲ್ಲೆಲ್ಲ ಹಾಡಿನ ಪಕ್ಕದಲ್ಲಿ ‘ರೇಡಿಯೊ’ ಎಂದೋ ‘ಸ್ಟೇಷನ್’ ಎಂದೋ ಒಂದು ಆಯ್ಕೆ ಇದ್ದೇ ಇರುತ್ತದೆ. ಇಲ್ಲಿ ನಾನು ವಿಮರ್ಶಿಸಲು ಹೊರಟಿರುವುದು ಈ ಬಗೆಯ ಸೇವೆಯನ್ನು ಒಟ್ಟಾರೆಯಾಗಿ. ಹೆಚ್ಚಿನ ಉದಾಹರಣೆಗಳನ್ನು ಪ್ಯಾಂಡೋರದಿಂದ ಎತ್ತಿಕೊಂಡಿರುವುದಕ್ಕೆ ಕಾರಣ, ಇದರ ಗುಣದೋಷಗಳೆರಡೂ ಅಲ್ಲಿಯೇ ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡವು ಎಂಬುದು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಕೇಳದೆ ಉಳಿದಿದ್ದ ಸಂಗೀತವನ್ನು ಕಿವಿಗೆ ತಲುಪಿಸುವುದರಲ್ಲಿ ಇದಕ್ಕೆ ಸಾಟಿಯಾದ ಸಾಧನ ಇಲ್ಲವೆಂದೇ ಹೇಳಬೇಕು. ಆದರೆ ಕೇಳಿ ಮೆಚ್ಚಿದ ಸಂಗೀತದ ಜೊತೆ ಆಳವಾದ ಒಡನಾಟ ಬೇಕೆನ್ನುವವರಿಗೆ ಇದು ಸಾಲದು, ಮತ್ತು ಆ ಕೊರತೆಯ ಒಂದು ದೊಡ್ಡ ಭಾಗ ಈ ಸೇವೆಯ ರಚನೆಯೊಳಗೇ ಬೇಕೆಂದೇ ಇಟ್ಟದ್ದಾಗಿದೆ.

ಹಾಡುಗಳನ್ನು ಯಂತ್ರ ಹೇಗೆ ಆರಿಸುತ್ತದೆ ಎಂಬುದು ಗೊತ್ತಿಲ್ಲದೆ ಅದರ ಗುಣವನ್ನೂ ಅಳೆಯಲಾಗದು, ದೋಷವನ್ನೂ ಅಳೆಯಲಾಗದು. ಪ್ಯಾಂಡೋರ ಹಿಡಿದ ದಾರಿ ಸಂಗೀತದ ಒಳಗಿನಿಂದ ಹೊರಟದ್ದು. ಸ್ವತಃ ಸಂಗೀತಗಾರರಾಗಿದ್ದ ಟಿಮ್ ವೆಸ್ಟರ್‌ಗ್ರೆನ್ ಮತ್ತು ಅವರ ಜೊತೆಗಾರರು 2000ದ ಸುಮಾರಿಗೆ ಆರಂಭಿಸಿದ ‘ಮ್ಯೂಸಿಕ್ ಜಿನೋಮ್ ಪ್ರಾಜೆಕ್ಟ್’ ಅದರ ಬೆನ್ನೆಲುಬು. ಸಂಗೀತ ಕಲಿತ ವಿಶ್ಲೇಷಕರು ಒಂದೊಂದೇ ಹಾಡನ್ನು ಕುಳಿತು ಕೇಳಿ, ಸ್ವರಮೇಳ ಹೇಗಿದೆ, ಲಯ ಸರಳವೋ ಸಂಕೀರ್ಣವೋ, ಗಾಯನದಲ್ಲಿ ಉಸಿರು ಬೆರೆತಿದೆಯೋ, ಗಿಟಾರಿನ ದನಿಯನ್ನು ಎಷ್ಟು ಒರಟಾಗಿಸಲಾಗಿದೆ, ಹಿನ್ನೆಲೆಯಲ್ಲಿ ಸಹಗಾಯನ ಇದೆಯೇ ಎಂಬಂತಹ ಅಂಶಗಳಿಗೆ ಅಂಕ ಕೊಡುತ್ತಾರೆ. ಇಂತಹ ಸುಮಾರು 450 ಲಕ್ಷಣಗಳು ಅವರ ಪಟ್ಟಿಯಲ್ಲಿವೆ. ಸಂಗೀತದ ಪ್ರಕಾರಕ್ಕೆ ತಕ್ಕಂತೆ ಅವುಗಳಲ್ಲಿ ಕೆಲವನ್ನು ಮಾತ್ರ ನೋಡಲಾಗುತ್ತದೆ. ಒಂದು ಹಾಡಿಗೆ 20ರಿಂದ 30 ನಿಮಿಷಗಳಷ್ಟು ಹೊತ್ತು ಹಿಡಿಯುವ ಕೆಲಸವಿದು. ಹೀಗೆ ಬಂದ ಅಂಕಗಳ ಸಾಲನ್ನು ಇನ್ನೊಂದು ಹಾಡಿನ ಸಾಲಿನೊಂದಿಗೆ ಹೋಲಿಸಿ, ಎರಡರ ನಡುವಣ ಅಂತರ ಕಡಿಮೆಯಿದ್ದರೆ ಅವು ನೆರೆಹೊರೆಯ ಹಾಡುಗಳೆಂದು ಯಂತ್ರ ತೀರ್ಮಾನಿಸುತ್ತದೆ.

ಲಾಸ್ಟ್ ಎಫ್‌ಎಂ ಹಿಡಿದದ್ದು ಇದಕ್ಕೆ ತೀರಾ ಬೇರೆಯಾದ ದಾರಿ. ಬ್ರಿಟನ್ನಿನಲ್ಲಿ 2002ರಲ್ಲಿ ಹುಟ್ಟಿದ ಈ ಸೇವೆ, ಕೇಳುಗರು ತಮ್ಮ ಕಂಪ್ಯೂಟರಿನಲ್ಲಿ ಏನೇನು ಕೇಳಿದರು ಎಂಬುದನ್ನು ದಾಖಲಿಸಿಕೊಂಡು, ಒಂದೇ ಬಗೆಯ ದಾಖಲೆಯುಳ್ಳವರನ್ನು ಜೋಡಿಸುತ್ತಿತ್ತು. ನಿಮ್ಮಂತೆಯೇ ಕೇಳುವ ಮತ್ತೊಬ್ಬರ ಪಟ್ಟಿಯಲ್ಲಿದ್ದು ನಿಮ್ಮ ಪಟ್ಟಿಯಲ್ಲಿ ಇಲ್ಲದ ಹಾಡು ನಿಮಗೆ ಬರುತ್ತಿತ್ತು. ಹಾಡಿನೊಳಗೆ ಏನಿದೆ ಎಂಬುದರ ಗೊಡವೆಯೇ ಇದಕ್ಕೆ ಬೇಕಿಲ್ಲ. ಇಂದಿನ ಸೇವೆಗಳು ಎರಡನ್ನೂ ಬೆರೆಸಿ, ಮನುಷ್ಯರ ಕಿವಿಯ ಬದಲು ಧ್ವನಿಯನ್ನು ವಿಶ್ಲೇಷಿಸುವ ತಂತ್ರಾಂಶವನ್ನು ಹೆಚ್ಚಾಗಿ ನೆಚ್ಚಿಕೊಂಡಿವೆ. ಸ್ಪಾಟಿಫೈ 2014ರಲ್ಲಿ ಎಕೋ ನೆಸ್ಟ್ ಎಂಬ ಸಂಗೀತ ವಿಶ್ಲೇಷಣಾ ಸಂಸ್ಥೆಯನ್ನು ಕೊಂಡುಕೊಂಡದ್ದೂ, ಮರುವರ್ಷ ಪ್ರತಿ ಸೋಮವಾರ 30 ಹಾಡುಗಳ ‘ಡಿಸ್ಕವರ್ ವೀಕ್ಲಿ’ಯನ್ನು ಕೊಡತೊಡಗಿದ್ದೂ ಈ ಬೆರಕೆಯ ಹಾದಿಯಲ್ಲಿಯೇ.

ಕೇಳುಗರಿಗೆ ಇದರಿಂದ ಆಗುವ ಲಾಭ ಸಣ್ಣದಲ್ಲ. ಮುಖ್ಯವಾದದ್ದು, ಹೆಸರಿನ ಹಂಗಿಲ್ಲದೆ ಹಾಡು ಕಿವಿಗೆ ಬೀಳುತ್ತದೆ ಎಂಬುದು. ಸಂಗೀತದ ಅಂಗಡಿಯಲ್ಲಾಗಲಿ, ಹಾಡುಗಳ ಹುಡುಕುಪಟ್ಟಿಯಲ್ಲಾಗಲಿ ನಾವು ಹುಡುಕುವುದು ಗೊತ್ತಿರುವ ಹೆಸರನ್ನೇ. ಗೊತ್ತಿಲ್ಲದ ಹೆಸರನ್ನು ಹುಡುಕುವ ಉಪಾಯ ಯಾರ ಬಳಿಯೂ ಇಲ್ಲ. ಲಕ್ಷಣಗಳನ್ನು ಆಧರಿಸಿದ ರೇಡಿಯೊ ಈ ತೊಡಕನ್ನು ಸಲೀಸಾಗಿ ದಾಟುತ್ತದೆ. ಯಾವ ಕಂಪನಿಯ ಬೆಂಬಲವೂ ಇಲ್ಲದೆ ತಾವೇ ಧ್ವನಿಮುದ್ರಿಸಿಕೊಂಡ ತಂಡವೊಂದರ ಹಾಡು, ಲಯ ಮತ್ತು ವಾದ್ಯಗಳ ಹೋಲಿಕೆಯೊಂದರಿಂದಲೇ ಜಗತ್ಪ್ರಸಿದ್ಧರ ಹಾಡಿನ ಪಕ್ಕದಲ್ಲಿ ಬಂದು ಕೂರಬಲ್ಲದು. ನಾನು ಇಂದು ಬಿಡದೆ ಕೇಳುವ ಕಲಾವಿದರಲ್ಲಿ ಹಲವರ ಪರಿಚಯವಾದದ್ದು ಹೀಗೆಯೇ. ಅವರ ಹೆಸರನ್ನು ಯಾವ ಪತ್ರಿಕೆಯ ಪುಟದಲ್ಲೂ ನಾನು ಕಂಡಿರಲಿಲ್ಲ.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಲಾಭದ ಬಗ್ಗೆ ಮಾತನಾಡುವವರು ಕಡಿಮೆ. ಈ ಹಾಡನ್ನು ಏಕೆ ಕೇಳಿಸುತ್ತಿದ್ದೀರಿ ಎಂದು ಕೇಳಿದರೆ ಪ್ಯಾಂಡೋರ ಉತ್ತರ ಕೊಡುತ್ತಿತ್ತು: ಮೃದುವಾದ ವಾದ್ಯಮೇಳ, ಅಕೂಸ್ಟಿಕ್ ಗಿಟಾರಿನ ಲಯ, ಮೈನರ್ ಶ್ರುತಿ, ಅಲ್ಲಲ್ಲಿ ಸಹಗಾಯನ ಎಂಬಂತಹ ನಾಲ್ಕಾರು ಮಾತುಗಳಲ್ಲಿ. ನನಗೆ ಹಿಡಿಸುವುದು ಇಂಥ ಗಾಯಕರ ಕಂಠ ಎಂದುಕೊಂಡಿದ್ದವರಿಗೆ, ತಮ್ಮನ್ನು ಸೆಳೆಯುತ್ತಿರುವುದು ಆ ಕಂಠದ ಹಿಂದಿರುವ ಡಬಲ್ ಬಾಸ್ ಎಂದೋ, ಕೋಲಿನ ಬದಲು ಬ್ರಷ್‌ನಿಂದ ನುಡಿಸಿದ ಡ್ರಮ್ ಎಂದೋ ತಿಳಿಯುವುದು ಸಣ್ಣ ಶಿಕ್ಷಣವೇ ಸರಿ. ಕಾರಣವನ್ನು ಬಿಚ್ಚಿ ಹೇಳುವ ಈ ಗುಣ ಇಂದಿನ ಬಹುತೇಕ ಸೇವೆಗಳಲ್ಲಿ ಇಲ್ಲ. ನೀವು ಅದನ್ನು ಕೇಳಿದ್ದೀರಿ, ಆದ್ದರಿಂದ ಇದು ಎನ್ನುವಷ್ಟಕ್ಕೆ ಅವುಗಳ ವಿವರಣೆ ಮುಗಿಯುತ್ತದೆ. ಹಳೆಯ ಸೌಲಭ್ಯಗಳಲ್ಲಿ ನನಗೆ ಮರಳಿ ಬೇಕೆನಿಸುವುದು ಇದೊಂದೇ.

ಆರಿಸುವ ಹೊರೆ ಇಳಿಯುತ್ತದೆ ಎಂಬುದೂ ನಿಜವಾದ ಅನುಕೂಲ. ಕೋಟಿಗಟ್ಟಲೆ ಹಾಡುಗಳ ಸಂಗ್ರಹ ಎದುರಿಗಿದ್ದಾಗ ಏನು ಕೇಳಲಿ ಎಂದು ಪರದೆ ಉಜ್ಜುತ್ತಲೇ ಹೊತ್ತು ಕಳೆಯುತ್ತದೆ. ಬರೆಯುವಾಗ, ಅಡುಗೆ ಮಾಡುವಾಗ, ದೂರ ಪ್ರಯಾಣದಲ್ಲಿ ಯಾರಾದರೂ ಆರಿಸಿಕೊಟ್ಟರೆ ಸಾಕು ಎನ್ನಿಸುವುದು ಸೋಮಾರಿತನವಲ್ಲ. ಉಚಿತವಾಗಿ ಕೇಳುವವರು ಜಾಹೀರಾತುಗಳನ್ನು ಸಹಿಸಿಕೊಳ್ಳಬೇಕು. ಅದಕ್ಕೆ ಸಾಮಾನ್ಯ ರೇಡಿಯೊ ಕೇಳಿದವರ ಕಿವಿ ಹೇಗೂ ಒಗ್ಗಿರುತ್ತದೆ.

ಕಲಾವಿದರ ಕಡೆಯಿಂದ ನೋಡಿದರೂ ಒಂದು ಮಾತನ್ನು ಇಲ್ಲಿ ದಾಖಲಿಸಬೇಕು. ಅಮೆರಿಕದ ಕಾನೂನಿನಂತೆ ಗೋಪುರದಿಂದ ಬಿತ್ತರಿಸುವ ಸಾಮಾನ್ಯ ರೇಡಿಯೊ ಕೇಂದ್ರ ಹಾಡು ಬರೆದವರಿಗೆ ಗೌರವಧನ ಕೊಡುತ್ತದೆಯೇ ಹೊರತು ಹಾಡಿದವರಿಗೂ ನುಡಿಸಿದವರಿಗೂ ಕೊಡಬೇಕಾಗಿಲ್ಲ. ಅಂತರಜಾಲ ರೇಡಿಯೊ ಕೊಡಲೇಬೇಕು. ಶಾಸನಬದ್ಧ ಪರವಾನಗಿಯಡಿ, ಅಂದರೆ ಒಡೆಯರನ್ನು ಒಬ್ಬೊಬ್ಬರಾಗಿ ಕೇಳದೆ ನಿಗದಿತ ದರ ತೆತ್ತು ಹಾಡು ಬಿತ್ತರಿಸಲು ಕಾನೂನೇ ಕೊಡುವ ಅನುಮತಿಯಡಿ, ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯ ಮೂಲಕ ಹಂಚಿಕೆಯಾಗುವ ಹಣದಲ್ಲಿ ಶೇ 50 ಧ್ವನಿಮುದ್ರಣದ ಒಡೆಯರಿಗೆ, ಶೇ 45 ಮುಖ್ಯ ಕಲಾವಿದರಿಗೆ, ಉಳಿದ ಶೇ 5 ಹಿನ್ನೆಲೆಯ ಗಾಯಕ–ವಾದಕರಿಗೆ ಸಲ್ಲುತ್ತದೆ. ಒಂದು ಸಲ ಕೇಳಿದ್ದಕ್ಕೆ ಬರುವ ಮೊತ್ತ ತೀರಾ ಚಿಕ್ಕದು ಎಂಬ ಕಲಾವಿದರ ದೂರಿನಲ್ಲಿ ಹುರುಳಿದೆ. ಆದರೂ ಕಲಾವಿದರ ಪಾಲು ಕಂಪನಿಯ ಲೆಕ್ಕದೊಳಗೆ ಕರಗಿಹೋಗದೆ ನೇರವಾಗಿ ಅವರಿಗೇ ತಲುಪುವ ಏರ್ಪಾಡು ಇದು.

ಇನ್ನು ಮಿತಿಗಳು. ಮೊದಲನೆಯದು ಹೆಬ್ಬೆರಳಿನ ಗುರುತಿನಲ್ಲಿಯೇ ಇದೆ. ಮೆಚ್ಚಿದರೆ ಮೇಲ್ಮುಖ, ಮೆಚ್ಚದಿದ್ದರೆ ಕೆಳಮುಖ. ಕೇಳುಗ ಯಂತ್ರದೊಂದಿಗೆ ಆಡಬಹುದಾದ ಮಾತು ಇಷ್ಟೇ. ಒಂದು ಹಾಡನ್ನು ಬೇಡವೆನ್ನಲು ನಮಗೆ ಹತ್ತು ಕಾರಣಗಳಿರಬಹುದು. ಹಾಡು ಒಳ್ಳೆಯದೇ, ಆದರೆ ಬೆಳಿಗ್ಗೆಯಷ್ಟೇ ಕೇಳಿಯಾಗಿದೆ. ಗಾಯಕಿ ಇಷ್ಟ, ಆದರೆ ಇದು ಸಭೆಯ ಗದ್ದಲದಲ್ಲಿ ಮುದ್ರಿಸಿದ ಪ್ರತಿ. ರಾಗ ಸೊಗಸು, ಸಾಹಿತ್ಯ ಅಸಹ್ಯ. ಅಥವಾ ಆ ಹಾಡಿಗೆ ಅಂಟಿಕೊಂಡ ನೆನಪನ್ನು ಇಂದು ಎದುರಿಸುವ ಮನಸ್ಸಿಲ್ಲ. ಇವೆಲ್ಲವೂ ಯಂತ್ರದ ಲೆಕ್ಕದಲ್ಲಿ ಒಂದೇ ಋಣಾಂಕ. ಅದು ಆ ಹಾಡನ್ನು ಮಾತ್ರ ಕೈಬಿಟ್ಟರೆ ತೊಂದರೆಯಿರಲಿಲ್ಲ. ಅದರ ಲಕ್ಷಣಗಳನ್ನು ಹಂಚಿಕೊಂಡ ನೆರೆಯ ಹಾಡುಗಳೂ ಒಂದಿಷ್ಟು ಹಿಂದಕ್ಕೆ ಸರಿಯುತ್ತವೆ. ಏನನ್ನೂ ಒತ್ತದೆ ಸುಮ್ಮನೆ ಕೇಳುತ್ತಿರುವುದನ್ನು ಬಹಳಷ್ಟು ಸೇವೆಗಳು ಒಪ್ಪಿಗೆಯೆಂದೇ ಓದಿಕೊಳ್ಳುತ್ತವೆ. ಕೇಳುಗ ಆಗ ನಿದ್ದೆ ಹೋಗಿದ್ದಿರಬಹುದು, ಫೋನನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋಗಿದ್ದಿರಬಹುದು.

ಎರಡನೆಯದು ಜಾರುವಿಕೆ. ನಾನು ಬಳಸುವ ಸೇವೆಯೊಂದರಲ್ಲಿ ಜೊತೆವಾದ್ಯವಿಲ್ಲದ ಸೆಲ್ಲೊ ವಾದನದಿಂದ ಒಂದು ಕೇಂದ್ರವನ್ನು (ನಾವು ಕೊಟ್ಟ ಹಾಡಿನಿಂದ ಹೊರಡುವ ಹಾಡುಗಳ ಸರಣಿಗೆ ಇಲ್ಲಿ ಈ ಹೆಸರು) ಶುರುಮಾಡಿದರೆ, ಮೊದಲು ಬರುವುದು ನಿರೀಕ್ಷೆಯಂತೆ ಒಂಟಿ ಸೆಲ್ಲೊ. ಸ್ವಲ್ಪದರಲ್ಲೇ ಸೆಲ್ಲೊ ಜೊತೆಗೆ ಪಿಯಾನೊ ಸೇರುತ್ತದೆ. ಆಮೇಲೆ ಪಿಯಾನೊ ಉಳಿದು ಸೆಲ್ಲೊ ಹೋಗುತ್ತದೆ. ಆ ಪಿಯಾನೊ ಬರಬರುತ್ತ ನಿಧಾನವಾಗಿ, ಕಡೆಗೆ ನಿದ್ದೆಗೆಂದು ತಯಾರಿಸಿದ, ಮಳೆಯ ಸದ್ದು ಬೆರೆಸಿದ, ಆರಂಭವೂ ಅಂತ್ಯವೂ ಗೊತ್ತಾಗದ ನಾದಕ್ಕೆ ಬಂದು ನಿಲ್ಲುತ್ತದೆ. ಒಂದೊಂದು ಹೆಜ್ಜೆಯನ್ನೂ ಬಿಡಿಯಾಗಿ ನೋಡಿದರೆ ತಪ್ಪು ಹೇಳುವಂತಿಲ್ಲ, ಏಕೆಂದರೆ ಪ್ರತಿ ತುಣುಕೂ ಅದರ ಹಿಂದಿನದಕ್ಕೆ ಹತ್ತಿರವೇ ಇದೆ. ಹೊರಟ ಜಾಗಕ್ಕೂ ತಲುಪಿದ ಜಾಗಕ್ಕೂ ಸಂಬಂಧವಿಲ್ಲ, ಅಷ್ಟೇ. ಶ್ರದ್ಧೆಯಿಂದ ಕೇಳಬೇಕಾದ ಸಂಗೀತವನ್ನು ಹಿನ್ನೆಲೆಯ ಸದ್ದಿನ ಕಡೆಗೆ ಎಳೆಯುವ ಈ ಇಳಿಜಾರು ನನಗೆ ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ತಂದಿದೆ. ಹಿನ್ನೆಲೆಯ ಸದ್ದನ್ನು ಯಾರೂ ತಡೆದು ನಿಲ್ಲಿಸುವುದಿಲ್ಲವಾದ್ದರಿಂದ ಯಂತ್ರದ ಲೆಕ್ಕದಲ್ಲಿ ಅದು ಯಾವಾಗಲೂ ಗೆಲ್ಲುತ್ತದೆ.

ಕೇಳುಗರ ದಾಖಲೆಗಳನ್ನು ನೆಚ್ಚಿದ ವಿಧಾನಕ್ಕೆ ಬೇರೆಯೇ ಆದ ಕುಂದಿದೆ. ಯಾರೂ ಕೇಳಿರದ ಹಾಡಿಗೆ ದಾಖಲೆಯಿಲ್ಲ, ದಾಖಲೆಯಿಲ್ಲದ್ದನ್ನು ಅದು ಶಿಫಾರಸು ಮಾಡುವುದಿಲ್ಲ, ಶಿಫಾರಸಾಗದ್ದನ್ನು ಯಾರೂ ಕೇಳುವುದಿಲ್ಲ. ಈಗಾಗಲೇ ಜನಪ್ರಿಯವಾದದ್ದು ಇನ್ನಷ್ಟು ಜನಪ್ರಿಯವಾಗುತ್ತದೆ. ಹೊಸದಾಗಿ ಸೇರಿದ ಕೇಳುಗರ ಗತಿಯೂ ಇದೇ. ಅವರ ಬಗ್ಗೆ ಏನೂ ಗೊತ್ತಿಲ್ಲದಿರುವಾಗ ಎಲ್ಲರೂ ಕೇಳುವುದನ್ನೇ ಅವರಿಗೂ ಕೊಡುವುದು ಬಿಟ್ಟು ಯಂತ್ರಕ್ಕೆ ಬೇರೆ ದಾರಿಯಿಲ್ಲ. ಮನುಷ್ಯರ ಕಿವಿಯಿಂದ ಅಂಕ ಕೊಡಿಸುವ ವಿಧಾನ ಇದನ್ನು ತಪ್ಪಿಸುತ್ತದೆ ನಿಜ, ಆದರೆ ಹಾಡೊಂದಕ್ಕೆ ಅರ್ಧ ಗಂಟೆ ಬೇಡುವ ಕೆಲಸ ಜಗತ್ತಿನ ಎಲ್ಲ ಭಾಷೆಗಳ, ಎಲ್ಲ ಕಾಲಗಳ ಸಂಗೀತವನ್ನು ಮುಟ್ಟುವುದು ಯಾವಾಗ?

ಹಾಡು ಎಂಬ ಅಳತೆಗೆ ಒಗ್ಗದ ಸಂಗೀತಕ್ಕಂತೂ ಇಲ್ಲಿ ಸರಿಯಾದ ಜಾಗವೇ ಸಿಕ್ಕಿಲ್ಲ. ಒಂದು ಗಂಟೆಯ ರಾಗ ವಿಸ್ತಾರದ ಲಕ್ಷಣವೇನು? ವಿಳಂಬಿತದಲ್ಲಿ ಶುರುವಾಗಿ ದ್ರುತದಲ್ಲಿ ಮುಗಿಯುವ ಕೃತಿಗೆ ಲಯದ ಅಂಕ ಎಷ್ಟು ಕೊಡುವುದು? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ರಚನೆಕಾರ, ವಾದ್ಯವೃಂದ, ಅದನ್ನು ನಡೆಸುವ ನಿರ್ವಾಹಕ, ಏಕವ್ಯಕ್ತಿ ವಾದಕ ಇವರಲ್ಲಿ ಯಾರನ್ನು ‘ಕಲಾವಿದ’ ಎಂಬ ಒಂದೇ ಅಂಕಣದಲ್ಲಿ ಬರೆಯುವುದು ಎಂಬ ತೊಡಕು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ನಾಲ್ಕು ಭಾಗಗಳ ಸಿಂಫನಿಯ ಮೂರನೆಯ ಭಾಗವೊಂದನ್ನೇ ಕಿತ್ತು ತಂದು, ಅದರ ಹಿಂದೆ ಸಿನಿಮಾದ ಹಿನ್ನೆಲೆ ಸಂಗೀತದ ತುಣುಕನ್ನು ಅಂಟಿಸುವ ಕೇಂದ್ರಗಳನ್ನು ನಾನು ಕೇಳಿದ್ದೇನೆ.

ಸಿಂಫನಿಯನ್ನು ಹೀಗೆ ತುಂಡರಿಸುವುದಕ್ಕೆ ಯಂತ್ರದ ಅಜ್ಞಾನವೊಂದೇ ಕಾರಣವಲ್ಲ. ಅಮೆರಿಕದ 1998ರ ಡಿಜಿಟಲ್ ಮಿಲೇನಿಯಂ ಹಕ್ಕುಸ್ವಾಮ್ಯ ಕಾಯ್ದೆ, ಶಾಸನಬದ್ಧ ಪರವಾನಗಿಯಡಿ ನಡೆಯುವ ಅಂತರಜಾಲ ರೇಡಿಯೊಗೆ ಕಟ್ಟುನಿಟ್ಟಾದ ಷರತ್ತುಗಳನ್ನು ಹಾಕಿದೆ. ಯಾವುದೇ 3 ಗಂಟೆಗಳ ಅವಧಿಯಲ್ಲಿ ಒಂದೇ ಆಲ್ಬಮ್ಮಿನಿಂದ 3ಕ್ಕಿಂತ ಹೆಚ್ಚು ಹಾಡುಗಳನ್ನು ಕೇಳಿಸುವಂತಿಲ್ಲ, ಅವುಗಳಲ್ಲೂ 2ಕ್ಕಿಂತ ಹೆಚ್ಚು ಒಂದರ ಹಿಂದೊಂದು ಬರುವಂತಿಲ್ಲ. ಒಬ್ಬರೇ ಕಲಾವಿದರ ಹಾಡುಗಳು 4ನ್ನು ಮೀರುವಂತಿಲ್ಲ, ಸತತವಾಗಿ 3ನ್ನು ಮೀರುವಂತಿಲ್ಲ. ಮುಂದೆ ಯಾವ ಹಾಡು ಬರಲಿದೆ ಎಂಬ ಪಟ್ಟಿಯನ್ನು ಮೊದಲೇ ಪ್ರಕಟಿಸುವಂತಿಲ್ಲ. ನಾಲ್ಕು ಭಾಗಗಳೂ ನಾಲ್ಕು ಪ್ರತ್ಯೇಕ ಮುದ್ರಣಗಳಾಗಿ ಒಂದೇ ಆಲ್ಬಮ್ಮಿನಲ್ಲಿದ್ದರೆ, ಆ ಸಿಂಫನಿಯನ್ನು ಆದಿಯಿಂದ ಅಂತ್ಯದವರೆಗೆ ಕೇಳಿಸುವುದು ಈ ಪರವಾನಗಿಯಡಿ ಸಾಧ್ಯವೇ ಇಲ್ಲ. ಹೆಸರು ಕೊಟ್ಟು ಕೇಂದ್ರ ತೆರೆದರೂ ಆ ಗಾಯಕರೇ ಸಾಲಾಗಿ ಏಕೆ ಬರುವುದಿಲ್ಲ ಎಂಬ, ಹೊಸಬರೆಲ್ಲರೂ ಎತ್ತುವ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ.

ಈ ಷರತ್ತುಗಳ ಹಿಂದಿನ ತರ್ಕ 2009ರ ಒಂದು ತೀರ್ಪಿನಲ್ಲಿ ಚೆನ್ನಾಗಿ ಬಯಲಾಗಿದೆ. ಯಾಹೂ ಕೈಗೆ ಬಂದಿದ್ದ ಲಾಂಚ್‌ಕಾಸ್ಟ್ ಎಂಬ ವೈಯಕ್ತಿಕ ರೇಡಿಯೊ, ಕೇಳುಗರ ಅಂಕಗಳನ್ನು ಆಧರಿಸಿ ಹಾಡುಗಳನ್ನು ಕೊಡುತ್ತಿತ್ತು. ಇದು ಬೇಡಿದ್ದನ್ನು ಬೇಡಿದಾಗ ಕೊಡುವ ಸೇವೆಯೇ ಆಗಿದೆ, ಆದ್ದರಿಂದ ಶಾಸನಬದ್ಧ ಪರವಾನಗಿ ಇದಕ್ಕೆ ಸಲ್ಲದು ಎಂದು ಧ್ವನಿಮುದ್ರಣ ಕಂಪನಿಗಳು ವಾದಿಸಿದವು. ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಮುಂದೆ ಏನು ಬರುತ್ತದೆಂದು ಕೇಳುಗನಿಗೆ ಊಹಿಸಲಾಗುವುದಿಲ್ಲ, ಹೀಗಾಗಿ ಹಾಡನ್ನು ಕೊಂಡುಕೊಳ್ಳುವ ಅಗತ್ಯವನ್ನು ಈ ಸೇವೆ ಇಲ್ಲವಾಗಿಸುವುದಿಲ್ಲ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಕೇಳುಗನ ದೃಷ್ಟಿಯಿಂದ ಇದನ್ನು ಓದಿ ನೋಡಬೇಕು: ನಮಗೆ ಬೇಕಾದ ಹಾಡು ಬೇಕಾದಾಗ ಸಿಗದಿರುವುದರ ಮೇಲೆಯೇ ಈ ಸೇವೆಯ ಕಾನೂನುಬದ್ಧತೆ ನಿಂತಿದೆ. ಯಂತ್ರ ನಮ್ಮ ಮನಸ್ಸನ್ನು ಪೂರ್ತಿ ಅರಿತು ನಡೆದುಕೊಂಡರೆ ಅದು ರೇಡಿಯೊ ಆಗಿ ಉಳಿಯುವುದಿಲ್ಲ, ಹೆಚ್ಚಿನ ಹಣ ತೆತ್ತು ಬೇರೆ ಪರವಾನಗಿ ಪಡೆಯಬೇಕಾಗುತ್ತದೆ. ಪ್ಯಾಂಡೋರದ ಉಚಿತ ಸೇವೆ ಒಂದು ಕೇಂದ್ರದಲ್ಲಿ ಗಂಟೆಗೆ 6 ಸಲ ಮಾತ್ರ ಹಾಡನ್ನು ದಾಟಿಸಲು ಬಿಡುತ್ತಿದ್ದುದಕ್ಕೂ, ಮುಗಿದ ಹಾಡನ್ನು ಮತ್ತೆ ಕೇಳಲು ಅವಕಾಶ ಕೊಡದಿದ್ದುದಕ್ಕೂ ಬೇರು ಇದೇ. ಇಷ್ಟೇ ಸಲ ಎಂಬ ಸಂಖ್ಯೆ ಕಾಯ್ದೆಯಲ್ಲಿಲ್ಲ. ಗೆರೆ ದಾಟದಂತೆ ಸೇವೆಗಳೇ ಹಾಕಿಕೊಂಡ ಬೇಲಿ ಅದು.

ಹಾಡು ಕೊಟ್ಟ ಕಂಪನಿಗಳೊಂದಿಗೆ ನೇರ ಒಪ್ಪಂದ ಮಾಡಿಕೊಂಡ ಚಂದಾ ಸೇವೆಗಳಲ್ಲಿ ಈ ಬೇಲಿ ಇಲ್ಲ. ಪ್ಯಾಂಡೋರ ಕೂಡ 2017ರಲ್ಲಿ ಬೇಡಿದ ಹಾಡನ್ನು ಕೊಡುವ ದುಬಾರಿ ಯೋಜನೆಯನ್ನು ತೆರೆಯಿತು. ಹಾಗಾದಾಗ ರೇಡಿಯೊ ಎಂಬುದು ದೊಡ್ಡ ಗ್ರಂಥಾಲಯದ ಒಂದು ಮೂಲೆಯಾಗಿ ಉಳಿಯುತ್ತದೆ. ಸಿಂಫನಿಯನ್ನು ಪೂರ್ತಿ ಕೇಳಬಹುದು, ಜಾರುವಿಕೆ ಮಾತ್ರ ಹಾಗೆಯೇ ಇರುತ್ತದೆ.

ಸಾಮಾನ್ಯ ರೇಡಿಯೊದಲ್ಲಿದ್ದು ಇಲ್ಲಿ ಕಾಣೆಯಾದದ್ದು ನಿರೂಪಕರು. ಹಾಡಿನ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿ, ನಮಗೆ ಹಿಡಿಸದೆಂದು ಗೊತ್ತಿದ್ದೂ ‘ಇದನ್ನೊಮ್ಮೆ ಕೇಳಿ’ ಎಂದು ಹಟ ಹಿಡಿಯುವ ಒಬ್ಬ ಮನುಷ್ಯರು ಅಲ್ಲಿದ್ದರು. ಮೊದಲ ಸಲ ಕೇಳಿದಾಗ ಸಹಿಸಲಾಗದ್ದು ಹತ್ತನೆಯ ಸಲಕ್ಕೆ ಪ್ರಾಣವಾಗುವುದು ಸಂಗೀತದಲ್ಲಿ ಸಾಮಾನ್ಯ. ಆದರೆ ಹೆಬ್ಬೆರಳಿನ ವ್ಯವಸ್ಥೆಯಲ್ಲಿ ಎರಡನೆಯ ಸಲವೇ ಬರುವುದಿಲ್ಲ. ಸ್ಪಾಟಿಫೈ 2023ರಲ್ಲಿ ಕೃತಕ ಬುದ್ಧಿಮತ್ತೆಯ ನಿರೂಪಕನನ್ನು ತಂದಿತು. ಆ ದನಿ ಸುಶ್ರಾವ್ಯವಾಗಿದೆ, ನಮ್ಮ ರುಚಿಯನ್ನು ನಮಗೇ ಓದಿ ಹೇಳುತ್ತದೆ, ಹಟವನ್ನಂತೂ ಹಿಡಿಯುವುದಿಲ್ಲ. ಇದೇ ಹಾಡನ್ನು ಈಗ ಇನ್ನೂ ಸಾವಿರಾರು ಜನ ಕೇಳುತ್ತಿದ್ದಾರೆ ಎಂಬ ಭಾವವೂ ಒಬ್ಬರಿಗಾಗಿ ಹೊಲಿದ ರೇಡಿಯೊದಲ್ಲಿ ಹುಟ್ಟಲಾರದು.

ಗೋಪುರದ ರೇಡಿಯೊಗೆ ತನ್ನನ್ನು ಯಾರು ಕೇಳುತ್ತಿದ್ದಾರೆಂದು ಗೊತ್ತಾಗುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಇಲ್ಲಿ ವಯಸ್ಸು, ಲಿಂಗ, ಅಂಚೆ ಸಂಖ್ಯೆ ಕೊಟ್ಟು ಖಾತೆ ತೆರೆಯಬೇಕು, ಅವುಗಳ ಆಧಾರದ ಮೇಲೆ ಜಾಹೀರಾತು ಬರುತ್ತದೆ, ಯಾವ ರಾತ್ರಿ ಎಷ್ಟು ಹೊತ್ತಿನವರೆಗೆ ಯಾವ ಬಗೆಯ ಹಾಡು ಕೇಳಿದಿರಿ ಎಂಬುದು ದಾಖಲಾಗುತ್ತದೆ. ಡೇಟಾ ಖರ್ಚಿನ ಮಾತು ಚಿಕ್ಕದು: ಸೆಕೆಂಡಿಗೆ 128 ಕಿಲೋಬಿಟ್‌ನ ಧಾರೆಗೆ ಗಂಟೆಗೆ ಸುಮಾರು 58 ಎಂಬಿ, 320ರದ್ದಕ್ಕೆ 144 ಎಂಬಿ ಬೇಕು. ಸಂಪರ್ಕ ಕಡಿದಾಗ ರೇಡಿಯೊ ಕೂಡ ಕಡಿಯುತ್ತದೆ.

ಬಾಳಿಕೆಯ ವಿಷಯದಲ್ಲಿ ಈ ಕ್ಷೇತ್ರದ ಚರಿತ್ರೆ ಭರವಸೆ ಹುಟ್ಟಿಸುವಂತಿಲ್ಲ. ಪರವಾನಗಿಯ ತೊಡಕಿನಿಂದ ಪ್ಯಾಂಡೋರ 2007ರಲ್ಲಿ ಅಮೆರಿಕದ ಹೊರಗಿನ ಬಹುತೇಕ ದೇಶಗಳ ಕೇಳುಗರಿಗೆ ಬಾಗಿಲು ಹಾಕಿತು. ಆಮೇಲೆ ತೆರೆದಿದ್ದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಸೇವೆಯನ್ನು 2017ರಲ್ಲಿ ನಿಲ್ಲಿಸಿತು. 2019ರಲ್ಲಿ ಸಿರಿಯಸ್ ಎಕ್ಸ್‌ಎಂ ಎಂಬ ಉಪಗ್ರಹ ರೇಡಿಯೊ ಕಂಪನಿಯ ಪಾಲಾಯಿತು. ಲಾಸ್ಟ್ ಎಫ್‌ಎಂ ತನ್ನ ರೇಡಿಯೊವನ್ನು 2014ರಲ್ಲಿ ಮುಚ್ಚಿತು, ದಾಖಲಿಸುವ ಕೆಲಸ ಮಾತ್ರ ಉಳಿಸಿಕೊಂಡಿತು. ಆ್ಯಪಲ್ 2013ರಲ್ಲಿ ತೆರೆದ ಉಚಿತ ಐಟ್ಯೂನ್ಸ್ ರೇಡಿಯೊ 2016ರ ಆರಂಭದಲ್ಲಿಯೇ ಕಣ್ಮರೆಯಾಯಿತು. ವರ್ಷಗಟ್ಟಲೆ ಹೆಬ್ಬೆರಳು ಒತ್ತಿ ತಿದ್ದಿದ ಕೇಂದ್ರ, ಸೇವೆ ಮುಚ್ಚಿದ ದಿನ ಅದರ ಜೊತೆಗೇ ಹೋಗುತ್ತದೆ. ಒಂದು ಸೇವೆಯಲ್ಲಿ ಕಲಿಸಿದ್ದನ್ನು ಇನ್ನೊಂದಕ್ಕೆ ದಾಟಿಸಿಕೊಳ್ಳುವ ದಾರಿ ಇಲ್ಲ. ಹಾಡುಗಳ ಪಟ್ಟಿಯನ್ನು ಹೇಗಾದರೂ ಸಾಗಿಸಬಹುದು, ರುಚಿಯ ಲೆಕ್ಕಾಚಾರವನ್ನು ಸಾಗಿಸಲಾಗದು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಇದನ್ನು ಬಿಟ್ಟಿಲ್ಲ, ಬಳಸುವ ಕ್ರಮವನ್ನು ಮಾತ್ರ ಗಟ್ಟಿಮಾಡಿಕೊಂಡಿದ್ದೇನೆ. ಒಂದೇ ಕೇಂದ್ರಕ್ಕೆ ಎಲ್ಲ ರುಚಿಯನ್ನೂ ತುರುಕದೆ ಬೇರೆ ಬೇರೆ ಕೇಂದ್ರಗಳನ್ನು ಇಟ್ಟುಕೊಳ್ಳುವುದು ಮೇಲು. ಗಾಯಕರ ಹೆಸರಿಗಿಂತ ನಿರ್ದಿಷ್ಟವಾದ ಹಾಡಿನಿಂದ ಶುರುಮಾಡಿದರೆ ಫಲಿತಾಂಶ ಚೆನ್ನಾಗಿರುತ್ತದೆ. ಕೆಳಮುಖದ ಹೆಬ್ಬೆರಳನ್ನು ಸಹಿಸಲಾಗದ ಹಾಡಿಗೆ ಮಾತ್ರ ಮೀಸಲಿಟ್ಟು, ಉಳಿದದ್ದನ್ನು ಸುಮ್ಮನೆ ದಾಟಿಸಬೇಕು. ಪ್ಯಾಂಡೋರ ಕೊಟ್ಟಿರುವ, ಅಪರೂಪದ ಹಾಡುಗಳು, ಹೊಸಬರ ಶೋಧ, ಈಚಿನ ಬಿಡುಗಡೆಗಳು ಎಂಬಂತೆ ಕೇಂದ್ರದ ದಿಕ್ಕನ್ನು ಬದಲಿಸುವ ಸೌಲಭ್ಯ ಇರುವ ಸೇವೆಯನ್ನೇ ಆರಿಸಿಕೊಳ್ಳುವುದು ಒಳಿತು, ಏಕೆಂದರೆ ಜಾರುವಿಕೆಗೆ ಸದ್ಯಕ್ಕಿರುವ ಒಳ್ಳೆಯ ಮದ್ದು ಅದು. ಮಕ್ಕಳೂ ಹಿರಿಯರೂ ಒಂದೇ ಖಾತೆಯಲ್ಲಿ ಕೇಳುವ ಮನೆಯಲ್ಲಿ ಪ್ರತ್ಯೇಕ ಖಾತೆ ಮಾಡಿಕೊಳ್ಳದಿದ್ದರೆ ಯಂತ್ರ ಯಾರ ರುಚಿಯನ್ನೂ ಕಲಿಯುವುದಿಲ್ಲ. ಹೊಸತಾಗಿ ಸಿಕ್ಕ ಕಲಾವಿದರ ಆಲ್ಬಮ್ಮನ್ನು ಆಮೇಲೆ ಪ್ರತ್ಯೇಕವಾಗಿ, ಅವರೇ ಜೋಡಿಸಿದ ಕ್ರಮದಲ್ಲಿ ಕೇಳಬೇಕು, ಸಾಧ್ಯವಾದರೆ ಕೊಂಡುಕೊಳ್ಳಬೇಕು. ಹೊಸದನ್ನು ಹುಡುಕುವ ಹಸಿವುಳ್ಳವರು ಜಾಹೀರಾತಿಲ್ಲದ ರೇಡಿಯೊಗೆ ಹಣ ಕೊಡುವುದಕ್ಕೆ ಹಿಂಜರಿಯಬೇಕಿಲ್ಲ. ತಮಗೆ ಬೇಕಾದ ನೂರಿನ್ನೂರು ಹಾಡುಗಳು ಯಾವುವೆಂದು ಖಚಿತವಾಗಿ ಬಲ್ಲವರು ಆ ಹಣವನ್ನು ಆ ಹಾಡುಗಳಿಗೇ ಕೊಡುವುದು ಲೇಸು.